ಕುಣಿಯುವ ಅಕ್ಷರಕ್ಕೆ ಕನ್ನಡದಲ್ಲಿ ಜಾಗ ಎಲ್ಲಿದೆ?

ಪ್ರಶ್ನೆ: ನಾವು ಕೆಲವರು ಸೇರಿ ನಮ್ಮ ಊರಿನಲ್ಲಿ ಮಕ್ಕಳಿಗಾಗಿ ಒಂದು ಚಿಕ್ಕ ಗ್ರಂಥಾಲಯ ತೆರೆಯುತ್ತಿದ್ದೇವೆ. ಬಾಗಿಲ ಮೇಲೆ ‘ಮಕ್ಕಳ ಗ್ರಂಥಾಲಯ’ ಎಂಬ ಫಲಕಕ್ಕೆ, ಆಹ್ವಾನ ಪತ್ರಿಕೆಗೆ ಮತ್ತು ನಾವೇ ಅಚ್ಚು ಹಾಕಿಸಲಿರುವ 16 ಪುಟಗಳ ಕಥೆಪುಸ್ತಕಕ್ಕೆ, ನೋಡಿದ ಕೂಡಲೇ ಮಕ್ಕಳ ಮುಖ ಅರಳಿಸುವಂಥ ಅಕ್ಷರ ಬೇಕು. ಇಂಗ್ಲಿಷಿನಲ್ಲಿ ಕರ್ಲ್ಝ್ ಎಂಬ ಸುರುಳಿ ಸುರುಳಿಯಾದ ಫಾಂಟ್ ಇದೆ. ಕನ್ನಡಕ್ಕೆ ಅಂಥದ್ದನ್ನು ಮಾಡಿಸಬಹುದೇ? ಬಾಲೂ ತಮ್ಮ ಎಂಬ ಫಾಂಟನ್ನು ಗೆಳೆಯರೊಬ್ಬರು ಸೂಚಿಸಿದ್ದಾರೆ. ಎಲ್ಲ ಕೆಲಸಕ್ಕೂ ಅದೊಂದೇ ಸಾಕೇ? ಪಠ್ಯವನ್ನೆಲ್ಲ ಆಗಲೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿ ಇಟ್ಟಿದ್ದೇವೆ.

ಉತ್ತರ: ಫಲಕಕ್ಕೂ ಪುಸ್ತಕದ ಹೆಸರಿಗೂ ಬಾಲೂ ತಮ್ಮ ಒಳ್ಳೆಯ ಆಯ್ಕೆ. ಕಥೆಯ ಒಳಪುಟಗಳಿಗೆ ಅದರ ದಪ್ಪ ರೂಪ ಬೇಡ. ಕರ್ಲ್ಝ್‌ನ ಸುರುಳಿಗಳನ್ನು ಕನ್ನಡಕ್ಕೆ ತರುವ ಯೋಚನೆಯನ್ನು ಮಾತ್ರ ದಯವಿಟ್ಟು ಕೈಬಿಡಿ. ಈ ಮೂರನೆಯ ಮಾತಿನ ಕಾರಣವನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಅದು ಅರ್ಥವಾದರೆ ಉಳಿದ ಪ್ರಶ್ನೆಗಳಿಗೆ ನೀವೇ ಉತ್ತರ ಕಂಡುಕೊಳ್ಳಬಲ್ಲಿರಿ.

ಕರ್ಲ್ಝ್ ಎಂಟಿ ಎಂಬ ಅಕ್ಷರಶೈಲಿಯನ್ನು 1995ರಲ್ಲಿ ಮಾನೊಟೈಪ್ ಸಂಸ್ಥೆಗಾಗಿ ಕಾರ್ಲ್ ಕ್ರಾಸ್‌ಗ್ರೋವ್ ಮತ್ತು ಸ್ಟೀವ್ ಮ್ಯಾಟ್ಸನ್ ರೂಪಿಸಿದರು. ಮೈಕ್ರೋಸಾಫ್ಟ್ ಆಫೀಸ್ ಜೊತೆಗೆ ಹಂಚಿಕೆಯಾದ್ದರಿಂದ ಅದು ಜಗತ್ತಿನಾದ್ಯಂತ ಹುಟ್ಟುಹಬ್ಬದ ಕಾರ್ಡುಗಳ ಮೇಲೂ ಶಾಲೆಗಳ ಸೂಚನಾ ಫಲಕಗಳ ಮೇಲೂ ಕಾಣಿಸಿಕೊಂಡಿತು. ಅದರ ಉಪಾಯ ಬಹಳ ಸರಳ. ರೋಮನ್ ಲಿಪಿಯ ಬಹುಪಾಲು ಅಕ್ಷರಗಳು ನೇರ ಗೆರೆಗಳಿಂದ ಆದವು, ಆ ಗೆರೆಗಳ ತುದಿಗಳು ಖಾಲಿ ಇರುತ್ತವೆ. ಅಲ್ಲಿ ಒಂದು ಸುರುಳಿ ಸುತ್ತಿಬಿಟ್ಟರೆ ಅಕ್ಷರದ ಗುರುತಿಗೆ ಧಕ್ಕೆಯಾಗುವುದಿಲ್ಲ, ಆದರೆ ಅದರ ಸ್ವಭಾವವೇ ಬದಲಾಗುತ್ತದೆ. ನೆಟ್ಟಗೆ ನಿಂತಿದ್ದ ಕಂಬಕ್ಕೆ ಬಳ್ಳಿ ಹಬ್ಬಿಸಿದ ಹಾಗೆ.

ಕನ್ನಡದಲ್ಲಿ ಕಂಬವೇ ಇಲ್ಲ, ಇರುವುದೆಲ್ಲ ಬಳ್ಳಿಯೇ. ನಮ್ಮ ಅಕ್ಷರದ ಮೈ ದುಂಡು, ಅದರ ಸುತ್ತಲಿನ ಒಂದೊಂದು ಬಾಗಿಗೂ ಒಂದೊಂದು ಕೆಲಸ ನಿಗದಿಯಾಗಿದೆ. ತಲೆಯ ಮೇಲಿನ ಸುರುಳಿ ಗುಡಿಸಾಗುತ್ತದೆ, ಬಲಕ್ಕೆ ಹೊರಳಿದರೆ ಕೊಂಬಾಗುತ್ತದೆ, ಬೇರೆಯಾಗಿ ಪಕ್ಕದಲ್ಲಿ ನಿಂತರೆ ದೀರ್ಘ, ಕೆಳಗೆ ಬಲಬದಿಯಲ್ಲಿ ತಿರುಗಿದರೆ ವಟ್ರಸುಳಿ, ನೇರ ಕೆಳಗೆ ಇಳಿದರೆ ಒತ್ತು. ‘ವ’ದ ಬಲತುದಿಗೆ ಅಂದಕ್ಕೆಂದು ಒಂದು ಸುಳಿ ಎಳೆದು ನೋಡಿ: ಒಬ್ಬರು ಅದನ್ನು ‘ವು’ ಎಂದು ಓದುತ್ತಾರೆ, ಇನ್ನೊಬ್ಬರು ‘ಮ’ ಎಂದು. ಅಲಂಕಾರಕ್ಕೆಂದು ಬಿಟ್ಟ ಖಾಲಿ ಜಾಗ ಕನ್ನಡ ಅಕ್ಷರದ ಸುತ್ತ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆದ್ದರಿಂದ ಇಂಗ್ಲಿಷಿನಲ್ಲಿ ತಮಾಷೆಯಾಗಿ ಕಾಣುವ ಒಡವೆ ಇಲ್ಲಿ ಕಾಗುಣಿತದ ತಪ್ಪಾಗಿ ಕಾಣುತ್ತದೆ.

ಸುತ್ತಲೂ ಬೇಡ, ಒಳಗೆ ತುಂಬೋಣ ಎಂದರೂ ಇದೇ ತೊಡಕು. ಬಹಳ ಹಿಂದೆ ಒಂದು ಶಾಲೆಯ ಗಿಡ ನೆಡುವ ಕಾರ್ಯಕ್ರಮಕ್ಕೆ ನಾನು ಭಿತ್ತಿಚಿತ್ರ ಬಿಡಿಸಿಕೊಟ್ಟಿದ್ದೆ. ‘ಮರ’ ಎಂಬ ಎರಡೇ ಅಕ್ಷರಗಳನ್ನು ಹಾಳೆಯ ತುಂಬ ದುಂಡಗೆ ಬರೆದು, ‘ರ’ದ ಹೊಟ್ಟೆಯೊಳಗೆ ಒಂದು ಕೆಂಪು ಹೂ ಇಟ್ಟೆ. ಗೋಡೆಗೆ ಅಂಟಿಸಿದ ಮೇಲೆ ಎರಡನೆಯ ತರಗತಿಯ ಹುಡುಗಿಯೊಬ್ಬಳು ಮುಂದೆ ನಿಂತು ಸ್ಪಷ್ಟವಾಗಿ ‘ಮಠ’ ಎಂದು ಓದಿದಳು. ಅವಳು ಓದಿದ್ದು ಸರಿಯಾಗಿಯೇ ಇತ್ತು. ‘ರ’ದ ಒಳಗೆ ಚುಕ್ಕೆ ಬಿದ್ದರೆ ಅದು ‘ಠ’; ಆ ಚುಕ್ಕೆ ಹೂವಿನ ಆಕಾರದಲ್ಲಿದೆಯೋ ಹೃದಯದ ಆಕಾರದಲ್ಲಿದೆಯೋ ಎಂಬುದು ಓದುವ ಕಣ್ಣಿಗೆ ಮುಖ್ಯವಲ್ಲ. ಅಂದು ಆ ಮಗುವಿನಿಂದ ಕಲಿತದ್ದನ್ನು ಮುಂದೆ ಪ್ರತಿ ಅಕ್ಷರಶೈಲಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ: ಚುಕ್ಕೆ, ಸೀಳು, ಒಳಗೆರೆ ಇವು ಅಕ್ಷರದ ಹೆಸರು, ಇವನ್ನು ಮುಟ್ಟಬಾರದು, ಹೊಸದಾಗಿ ಹುಟ್ಟಿಸಲೂ ಬಾರದು. ‘ದ’ದ ಕೆಳಗೊಂದು ಸೀಳು ಬಿದ್ದರೆ ಸಾಕು, ‘ದನ’ ಹೋಗಿ ‘ಧನ’ವಾಗುತ್ತದೆ. ‘ಪ’ದ ಒಳಗೆ ಒಂದು ಗೆರೆ ಸೇರಿದರೆ ‘ಷ’.

ಹಾಗಾದರೆ ಕನ್ನಡ ಅಕ್ಷರ ಕುಣಿಯುವುದು ಹೇಗೆ? ನನ್ನ ಅನುಭವದಲ್ಲಿ ಅದು ಒಡವೆಯಿಂದ ಕುಣಿಯುವುದಿಲ್ಲ, ನಡಿಗೆಯಿಂದ ಕುಣಿಯುತ್ತದೆ. ಅರ್ಥ ಹೊರದ ಅಂಗಗಳು ಕೆಲವಾದರೂ ಇವೆ. ಅವುಗಳಲ್ಲಿ ಮೊದಲನೆಯದು ಗೆರೆಯ ದಪ್ಪ. ತೂಕವನ್ನು ಅಕ್ಷರದ ಬುಡಕ್ಕೆ ಇಳಿಸಿದರೆ ಅದು ಈಗಷ್ಟೇ ನಡೆಯಲು ಕಲಿತ ಕೂಸಿನಂತೆ ಕಾಣುತ್ತದೆ. ತೂಕವನ್ನು ಮೇಲಕ್ಕೆ ಏರಿಸಿದರೆ ಅದೇ ಅಕ್ಷರ ಗಂಭೀರವಾಗುತ್ತದೆ. ಎರಡನೆಯದು, ನನಗೆ ಅತ್ಯಂತ ಪ್ರಿಯವಾದದ್ದು, ತಲೆಕಟ್ಟು. ‘ಕ’, ‘ಗ’, ‘ತ’, ‘ವ’ಗಳ ತಲೆಯ ಮೇಲೆ ಕುಳಿತ ಆ ಪುಟ್ಟ ಗೆರೆಯನ್ನು ಕೊಂಚ ಓರೆ ಮಾಡಬಹುದು, ತುದಿಯನ್ನು ಟೋಪಿಯಂತೆ ಎತ್ತಬಹುದು, ಒಂದರಲ್ಲಿ ಗಿಡ್ಡ ಮಾಡಿ ಮತ್ತೊಂದರಲ್ಲಿ ಉದ್ದ ಬಿಡಬಹುದು. ತಲೆಕಟ್ಟು ಇದೆಯೋ ಇಲ್ಲವೋ ಎಂಬುದಕ್ಕೆ ಬೆಲೆಯುಂಟು. ಅದು ಹೇಗೆ ವಾಲಿದೆ ಎಂಬುದಕ್ಕೆ ಇಲ್ಲ. ಅಷ್ಟು ಸ್ವಾತಂತ್ರ್ಯ ಒಬ್ಬ ಅಕ್ಷರ ವಿನ್ಯಾಸಕನಿಗೆ ಬಹಳವಾಯಿತು. ಆದರೆ ‘ಜ’, ‘ಬ’, ‘ಲ’, ‘ಣ’ಗಳಿಗೆ ತಲೆಕಟ್ಟೇ ಇಲ್ಲ ಎಂಬುದನ್ನು ಮರೆಯುವಂತಿಲ್ಲ. ಆಟವನ್ನೆಲ್ಲ ತಲೆಕಟ್ಟಿನ ಮೇಲೆ ಹೊರಿಸಿದರೆ ‘ಬಣ್ಣ’ದಂಥ ಪದ ಬಂದಾಗ ಕುಣಿತ ತಟ್ಟನೆ ನಿಂತುಹೋಗುತ್ತದೆ, ಈ ಅಕ್ಷರಗಳಿಗೆ ಅವುಗಳ ಆರಂಭದ ಬಾಗಿನಲ್ಲಿಯೇ ಬೇರೆ ರೀತಿಯ ಲವಲವಿಕೆ ತುಂಬಬೇಕಾಗುತ್ತದೆ.

ಮೂರನೆಯದು ಒತ್ತಕ್ಷರ. ಬಹುಪಾಲು ಒತ್ತುಗಳು ಮೂಲಾಕ್ಷರದ ಚಿಕ್ಕ ರೂಪಗಳೇ. ತ, ನ, ಮ, ಯ, ರ, ಲ ಈ ಆರರ ಒತ್ತುಗಳು ಮಾತ್ರ ಬೇರೆಯೇ ಆಕಾರ ತಳೆಯುತ್ತವೆ. ಅಕ್ಷರದ ಕೆಳಗೆ ನೇತಾಡುವ ಒತ್ತು ಅಮ್ಮನ ಸೆರಗು ಹಿಡಿದು ಬರುವ ಮಗುವಿನಂತೆ. ಅದನ್ನು ತುಸು ವಾಲಿಸಿದರೂ, ತುಸು ದುಂಡಗೆ ಮಾಡಿದರೂ ಇಡೀ ಪದಕ್ಕೆ ಜೀವ ಬರುತ್ತದೆ. ‘ಚಿಟ್ಟೆ’, ‘ಬೆಕ್ಕು’, ‘ಅಜ್ಜಿ’, ‘ಪುಟ್ಟ’ ಹೀಗೆ ಮಕ್ಕಳ ಲೋಕದ ಪದಗಳಲ್ಲಿ ಒತ್ತುಗಳೇ ತುಂಬಿಕೊಂಡಿರುವುದು ನಮ್ಮ ಭಾಗ್ಯ. ಕೊನೆಯದಾಗಿ, ಅಕ್ಷರಗಳನ್ನು ಗೆರೆಯಿಂದ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಜಿಗಿಸುವ ವಿಧಾನವೂ ಇದೆ. ಇಲ್ಲಿ ಒಂದೇ ನಿಯಮ: ಅಕ್ಷರ ಜಿಗಿದರೆ ಅದರ ಒತ್ತೂ ಜೊತೆಯಲ್ಲಿಯೇ ಜಿಗಿಯಬೇಕು.

ಕನ್ನಡದಲ್ಲಿ ಇಂಥ ಅಲಂಕಾರಿಕ ಅಕ್ಷರಶೈಲಿಗಳು ಕಡಿಮೆ ಇರುವುದಕ್ಕೂ ಇಲ್ಲಿಯೇ ಕಾರಣವಿದೆ. ಇಂಗ್ಲಿಷಿಗೆ 26 ದೊಡ್ಡ, 26 ಚಿಕ್ಕ ಅಕ್ಷರಗಳು, ಒಂದಿಷ್ಟು ಅಂಕಿ ಮತ್ತು ಚಿಹ್ನೆಗಳು ಸಿದ್ಧವಾದರೆ ಒಂದು ಶೀರ್ಷಿಕೆಯ ಫಾಂಟ್ ಬಳಕೆಗೆ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ, ಅದರಲ್ಲಿ 34 ವ್ಯಂಜನ. ಪ್ರತಿ ವ್ಯಂಜನಕ್ಕೂ ಒಂದು ಒತ್ತು, ಪ್ರತಿ ವ್ಯಂಜನಕ್ಕೂ ಇಡೀ ಕಾಗುಣಿತ, ಅದರ ಮೇಲೆ ಎರಡೆರಡು ಒತ್ತುಗಳು ಕೂಡಿದಾಗಿನ ಹೊಂದಾಣಿಕೆ. ‘ಕ’ದ ತಲೆಕಟ್ಟನ್ನು ಓರೆ ಮಾಡುವ ಒಂದು ಚಿಕ್ಕ ಚೇಷ್ಟೆಯೂ ನೂರಾರು ರೂಪಗಳಲ್ಲಿ ಪುನಃ ಪುನಃ ನಿಭಾಯಿಸಬೇಕಾದ ಹೊಣೆಯಾಗುತ್ತದೆ. ಹೀಗಿದ್ದೂ ಕೆಲವರು ಈ ಕೆಲಸವನ್ನು ಕೈಗೆತ್ತಿಕೊಂಡು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿದ್ದಾರೆ ಎಂಬುದಕ್ಕೆ ನಾವು ಕೃತಜ್ಞರಾಗಿರಬೇಕು.

ಬಾಲೂ ಅಂಥದ್ದೇ ಒಂದು ಕೊಡುಗೆ. ಮುಂಬೈನ ಏಕ್ ಟೈಪ್ ಬಳಗ ಹಲವು ಭಾರತೀಯ ಲಿಪಿಗಳಿಗೆ ಒಂದೇ ಸ್ವಭಾವದಲ್ಲಿ ಇದನ್ನು ರೂಪಿಸಿತು. ಹಿಂದಿಯಲ್ಲಿ ಭಾಲೂ ಎಂದರೆ ಕರಡಿ; ಹೆಸರಿಗೆ ತಕ್ಕಂತೆ ದಪ್ಪ ಮೈ, ಮೃದುವಾದ ಮೂಲೆಗಳು. ಒಂದೊಂದು ಲಿಪಿಯ ರೂಪಕ್ಕೂ ಆಯಾ ನಾಡಿನವರು ಅಣ್ಣನನ್ನೋ ತಮ್ಮನನ್ನೋ ಕರೆಯುವ ಮಾತನ್ನೇ ಹೆಸರಾಗಿ ಇಟ್ಟಿರುವುದು ನನಗೆ ಬಹಳ ಇಷ್ಟವಾದ ಸಂಗತಿ: ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು, ಮಲಯಾಳಕ್ಕೆ ಚೇಟ್ಟನ್, ಗುಜರಾತಿಗೆ ಭಾಯಿ, ಬಂಗಾಳಿಗೆ ದಾ, ಗುರುಮುಖಿಗೆ ಪಾಜಿ, ಕನ್ನಡಕ್ಕೆ ತಮ್ಮ. ಮೊದಲು ಒಂದೇ ದಪ್ಪದಲ್ಲಿ ಬಂದ ಈ ಫಾಂಟ್ ಅನಂತರ ಬಾಲೂ ತಮ್ಮ 2 ಎಂಬ ಹೆಸರಿನಲ್ಲಿ ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ 5 ತೂಕಗಳಲ್ಲಿ ಸಿಗುತ್ತದೆ. ಪರವಾನಗಿ ಮುಕ್ತವಾದದ್ದು, ನೀವು ಫಲಕ ಮಾಡಿಸಬಹುದು, ಪುಸ್ತಕ ಅಚ್ಚು ಹಾಕಿಸಿ ಮಾರಲೂಬಹುದು, ಯಾರಿಗೂ ಹಣ ಕೊಡಬೇಕಾಗಿಲ್ಲ. ಫಾಂಟನ್ನೇ ಬಿಡಿಯಾಗಿ ಮಾರಾಟಕ್ಕಿಡುವಂತಿಲ್ಲ, ಅಷ್ಟೇ.

ಈಗ ನಿಮ್ಮ ಫಲಕದ ಎರಡು ಪದಗಳನ್ನೇ ಹತ್ತಿರದಿಂದ ನೋಡೋಣ. ‘ಮಕ್ಕಳ’ ಎಂಬುದರಲ್ಲಿ ‘ಕ’ದ ಕೆಳಗೆ ಇನ್ನೊಂದು ‘ಕ’ ಇದೆ. ಗೆರೆ ಬಹಳ ದಪ್ಪವಾದಾಗ ಚಿಕ್ಕ ಒತ್ತಿನೊಳಗಿನ ಬೆಳಕು ಮುಚ್ಚಿಹೋಗುವ ಅಪಾಯವಿರುತ್ತದೆ. ಆದ್ದರಿಂದ ಒಳ್ಳೆಯ ವಿನ್ಯಾಸಕರು ಒತ್ತಿನ ಗೆರೆಯನ್ನು ಮೂಲಾಕ್ಷರದ ಗೆರೆಗಿಂತ ತೆಳ್ಳಗೆ ಮಾಡುತ್ತಾರೆ, ಎರಡು ಗೆರೆ ಕೂಡುವ ಕಡೆ ಇನ್ನಷ್ಟು ಸವೆಸುತ್ತಾರೆ. ‘ಗ್ರಂಥಾಲಯ’ ಇನ್ನೂ ಕಠಿಣವಾದ ಪರೀಕ್ಷೆ. ‘ಗ’ದ ಕೆಳಗೆ ಬಾಗಿ ನಿಂತ ರ ಒತ್ತು, ಅದರ ಪಕ್ಕದಲ್ಲಿ ಸೊನ್ನೆ, ಅದರ ರಂಧ್ರ ಸೂಜಿಮೊನೆಯಷ್ಟಾದರೆ ದೂರದಿಂದ ಅದು ಮಸಿಯ ತೊಟ್ಟಿನಂತೆ ಕಾಣುತ್ತದೆ, ಆಮೇಲೆ ‘ಥಾ’. ಈ ‘ಥ’ದ ಹೊಟ್ಟೆಯೊಳಗಿನ ಚುಕ್ಕೆಯೇ ನಿಮ್ಮ ಫಲಕದ ಅತ್ಯಂತ ಮುಖ್ಯವಾದ ಬಿಂದು. ದಪ್ಪ ಅಕ್ಷರದಲ್ಲಿ ಹೊಟ್ಟೆಯ ಬೆಳಕು ಕಡಿಮೆ, ಅಷ್ಟರಲ್ಲೇ ಚುಕ್ಕೆಗೂ ಜಾಗ ಬೇಕು, ಚುಕ್ಕೆಯ ಸುತ್ತ ಬೆಳಕೂ ಉಳಿಯಬೇಕು. ಚುಕ್ಕೆ ಗೋಡೆಗೆ ಅಂಟಿಕೊಂಡರೆ ಮಕ್ಕಳು ‘ಗ್ರಂಧಾಲಯ’ ಎಂದು ಓದುವುದನ್ನು ತಪ್ಪಿಸಲಾಗುವುದಿಲ್ಲ. ಈ ಕಾರಣಕ್ಕಾಗಿ ಫಲಕಕ್ಕೆ ಎಕ್ಸ್‌ಟ್ರಾ ಬೋಲ್ಡ್ ಬದಲು ಬೋಲ್ಡ್ ಅಥವಾ ಸೆಮಿ ಬೋಲ್ಡ್ ಬಳಸಿ ಎಂಬುದು ನನ್ನ ಸಲಹೆ. ದಪ್ಪ ಕೊಂಚ ಇಳಿದರೂ ಕರಡಿಯ ಮುದ್ದು ಕಡಿಮೆಯಾಗುವುದಿಲ್ಲ.

ಅಳತೆಯ ವಿಷಯದಲ್ಲಿ ಫಲಕ ಬರೆಯುವವರ ಹಳೆಯ ಲೆಕ್ಕ ಇಂದಿಗೂ ಸರಿಯಾಗಿದೆ: ನೋಡುವವರು ನಿಲ್ಲುವ ಪ್ರತಿ 10 ಅಡಿ ದೂರಕ್ಕೆ ಅಕ್ಷರ 1 ಇಂಚು ಎತ್ತರವಿರಲಿ. ರಸ್ತೆಯ ಆಚೆ ಬದಿಯಿಂದ 40 ಅಡಿ ಎಂದುಕೊಂಡರೆ 4 ಇಂಚು. ಕನ್ನಡದಲ್ಲಿ ಈ 4 ಇಂಚನ್ನು ಅಕ್ಷರದ ಮೈಗೆ ಮಾತ್ರ ಅನ್ವಯಿಸಬೇಕು, ಮೇಲಿನ ಗುಡಿಸು ಮತ್ತು ಕೆಳಗಿನ ಒತ್ತುಗಳನ್ನು ಸೇರಿಸಿ ಅಳೆಯಬಾರದು. ಎರಡು ಸಾಲಿನಲ್ಲಿ ಬರೆಸುವುದಾದರೆ ‘ಮಕ್ಕಳ’ದ ಒತ್ತು ಇಳಿದುಬರುವ ಜಾಗದಲ್ಲಿಯೇ ಕೆಳಗಿನ ಸಾಲಿನ ತಲೆಕಟ್ಟುಗಳು ಏಳುತ್ತವೆ, ಸಾಲುಗಳ ನಡುವೆ ಇಂಗ್ಲಿಷ್ ಫಲಕಕ್ಕೆ ಬಿಡುವುದಕ್ಕಿಂತ ಧಾರಾಳವಾಗಿ ಜಾಗ ಬಿಡಿಸಿ. 40 ಪಾಯಿಂಟಿನ ಶೀರ್ಷಿಕೆಗೆ ನಾನು 56ರಿಂದ 60 ಪಾಯಿಂಟ್ ಸಾಲಿನ ಅಂತರ ಕೊಡುತ್ತೇನೆ. ಅಕ್ಷರಗಳ ನಡುವಿನ ಅಂತರವನ್ನು ಎಳೆದು ಅಗಲಿಸುವ ಅಭ್ಯಾಸವೂ ಬೇಡ. ಹಾಗೆ ಮಾಡಿದಾಗ ದೀರ್ಘವು ತನ್ನ ಅಕ್ಷರವನ್ನು ಬಿಟ್ಟು ಮುಂದಿನ ಅಕ್ಷರದ ಕಡೆಗೆ ಸರಿಯುತ್ತದೆ. ಇನ್ನು ಫ್ಲೆಕ್ಸ್ ಮಾಡುವಲ್ಲಿ ಅಕ್ಷರದ ಸುತ್ತ ಬಿಳಿ ಅಂಚು, ಅದರಾಚೆ ಕಪ್ಪು ಅಂಚು, ಅದರ ಹಿಂದೆ ನೆರಳು ಎಂದು ಕೇಳದೆಯೇ ಹಾಕಿಬಿಡುವುದುಂಟು. ಆ ಅಂಚುಗಳು ಅಕ್ಷರದ ಒಳಭಾಗಕ್ಕೂ ಹರಡಿ ನಾವು ಇಷ್ಟು ಹೊತ್ತು ಕಾಪಾಡಿದ ಬೆಳಕನ್ನೆಲ್ಲ ನುಂಗುತ್ತವೆ. ಒಂದೇ ಬಣ್ಣದ ಹಿನ್ನೆಲೆ, ಒಂದೇ ಬಣ್ಣದ ಅಕ್ಷರ ಎಂದು ಮೊದಲೇ ಬರೆದುಕೊಡಿ.

ಕಥೆಪುಸ್ತಕದ ವಿಷಯಕ್ಕೆ ಬರೋಣ. ಹೆಸರಿಗೆ, ಅಧ್ಯಾಯದ ಶೀರ್ಷಿಕೆಗೆ, ‘ಢಮಾರ್’, ‘ಮಿಯಾಂವ್’ ಎಂಬಂಥ ಸದ್ದಿನ ಮಾತುಗಳಿಗೆ ಬಾಲೂ ತಮ್ಮನ ದಪ್ಪ ರೂಪ ಬಳಸಿ. ಕಥೆಯ ಸಾಲುಗಳಿಗೆ ನಾನು ನೊಟೊ ಸೆರಿಫ್ ಕನ್ನಡದಂಥ ಸಾದಾ ಫಾಂಟನ್ನು 18 ಅಥವಾ 20 ಪಾಯಿಂಟಿನಲ್ಲಿ ಆರಿಸಿಕೊಳ್ಳುತ್ತೇನೆ. ಆರೇಳು ವರ್ಷದ ಮಗು ಇನ್ನೂ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತಿರುತ್ತದೆ. ಅದಕ್ಕೆ ಶಾಲೆಯ ಪಾಠಪುಸ್ತಕದಲ್ಲಿ ಕಂಡ ಆಕಾರಕ್ಕೆ ಹತ್ತಿರವಾದ ಆಕಾರ ಸಿಕ್ಕರೆ ಕಥೆಯೊಳಕ್ಕೆ ಬೇಗ ಇಳಿಯುತ್ತದೆ. ಪ್ರತಿ ಪುಟಕ್ಕೂ ನಾಲ್ಕೇ ಸಾಲುಗಳಿದ್ದರೆ ಬಾಲೂ ತಮ್ಮ 2ರ ರೆಗ್ಯುಲರ್ ತೂಕವೂ ನಡೆಯುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಬೇಡ.

ಆಹ್ವಾನ ಪತ್ರಿಕೆಗೆ ಇನ್ನೂ ಚೇಷ್ಟೆಯ ಅಕ್ಷರ ಬೇಕೆನಿಸಿದರೆ ಅಕಾಯ ಕನಡಕ ಎಂಬುದನ್ನು ನೋಡಿ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ಅಕಾಯ ಕನ್ನಡ, ತೆಲುಗು ಮತ್ತು ರೋಮನ್ ಲಿಪಿಗಳಲ್ಲಿದೆ; ಒಂದೇ ತೂಕದ, ಪ್ರಯೋಗಕ್ಕೆಂದೇ ಮಾಡಿದ ಶೀರ್ಷಿಕೆಯ ಫಾಂಟ್ ಅದು, ಇದೂ ಉಚಿತ. ಬಾಲೂ ಮುದ್ದಾದ ಮಗುವಾದರೆ ಅಕಾಯ ತುಂಟ ಮಗು. ಎರಡನ್ನೂ ಒಂದೇ ಪುಟದಲ್ಲಿ ಸೇರಿಸಬೇಡಿ. ಒಂದು ಮಾತನಾಡುವಾಗ ಇನ್ನೊಂದು ಸುಮ್ಮನಿರಬೇಕು. ಪತ್ರಿಕೆಯ ದಿನಾಂಕ, ಸಮಯ, ವಿಳಾಸಗಳು ಸಾದಾ ಅಕ್ಷರದಲ್ಲಿಯೇ ಇರಲಿ.

ನುಡಿಯಲ್ಲಿ ಟೈಪ್ ಮಾಡಿಸಿಟ್ಟ ಪಠ್ಯದ ಬಗ್ಗೆ ಎಚ್ಚರ ವಹಿಸಬೇಕು. ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕುಳಿತಿರುತ್ತವೆ; ಬಾಲೂ ತಮ್ಮ ಯುನಿಕೋಡ್ ಫಾಂಟ್, ಅಂದರೆ ಅದರಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತಗಳಿವೆ. ಹಳೆಯ ಸಂಕೇತದ ಪಠ್ಯವನ್ನು ಆಯ್ದು ಫಾಂಟ್ ಬದಲಿಸಿದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣಿಸುತ್ತದೆ. ಮೊದಲು ಇಡೀ ಪಠ್ಯವನ್ನು ಪರಿವರ್ತಕದಿಂದ ಯುನಿಕೋಡಿಗೆ ಮಾಡಿಸಿ, ಅನಂತರ ಕರಡು ತಿದ್ದಿ; ಪರಿವರ್ತನೆಯಲ್ಲಿ ಅರ್ಕಾವೊತ್ತು ಮತ್ತು ಎರಡು ಒತ್ತುಗಳಿರುವ ಪದಗಳು ಕೆಡುವ ಸಂಭವ ಹೆಚ್ಚು. ಪುಟ ಕಟ್ಟುವ ತಂತ್ರಾಂಶ ಹಳೆಯದಾಗಿದ್ದರೆ ಯುನಿಕೋಡ್ ಕನ್ನಡದ ಒತ್ತುಗಳು ಮೂಲಾಕ್ಷರದ ಕೆಳಗೆ ಕೂಡದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಇನ್‌ಡಿಸೈನ್ ತಂತ್ರಾಂಶ ಬಳಸುವವರಾದರೆ ಅದರಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆ ಮಾಡಿಕೊಳ್ಳುವಂತೆ ಹೇಳಿ. ಕೆಲಸ ಒಪ್ಪಿಸುವ ಮುನ್ನ ಅಂಗಡಿಯಲ್ಲಿಯೇ ಕುಳಿತು ‘ಸ್ವಾತಂತ್ರ್ಯ, ರಾಷ್ಟ್ರ, ಜ್ಯೋತ್ಸ್ನೆ, ಹೃದಯ, ಧೈರ್ಯ’ ಈ ಐದು ಪದಗಳನ್ನು ಅದೇ ಫಾಂಟಿನಲ್ಲಿ ಮೂಡಿಸಿ ನೋಡಿ. ಐದೂ ಸರಿಯಾಗಿ ಬಂದರೆ ಆ ಯಂತ್ರವನ್ನು ನಂಬಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಮನಸ್ಸಿನಲ್ಲಿ ಉಳಿಯುತ್ತದೆ. ನಿಮಗೆ ಬೇಕಾಗಿರುವುದು ಎರಡೇ ಪದಗಳ ಫಲಕ. ಅದಕ್ಕೆ ಫಾಂಟೇ ಬೇಕೆಂದಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲಿ, ಅಂದರೆ ಕೈಬರಹವೇ ನೇರವಾಗಿ ಅಚ್ಚಾಗುತ್ತಿತ್ತು. ಅಚ್ಚುಮೊಳೆ ಜೋಡಿಸುವ ಕಾಲ ಬಂದ ಮೇಲೂ ಪುಸ್ತಕದ ಹೆಸರನ್ನು, ನಾಟಕದ ಕರಪತ್ರದ ತಲೆಬರಹವನ್ನು ಕಲಾವಿದರ ಕೈಯಲ್ಲಿ ಬರೆಯಿಸಿ ಬ್ಲಾಕ್ ಮಾಡಿಸುವ ಪದ್ಧತಿ ಬಹುಕಾಲ ನಡೆಯಿತು. ಕೈಯಲ್ಲಿ ಬರೆಯುವವರಿಗೆ ನೂರಾರು ರೂಪಗಳ ಹೊರೆ ಇರುವುದಿಲ್ಲ. ‘ಮಕ್ಕಳ ಗ್ರಂಥಾಲಯ’ ಎಂಬಷ್ಟಕ್ಕೇ ಅಕ್ಷರ ಹೊಂದಿಸಿದರೆ ಮುಗಿಯಿತು. ‘ಳ’ದ ಬಾಲ ಎಷ್ಟು ಉದ್ದ ಹೋಗಬಹುದು, ‘ಲ’ ಎಷ್ಟು ವಾಲಬಹುದು, ‘ಯ’ದ ತುದಿಯಲ್ಲಿ ಅಳಿಲು ಕುಳ್ಳಿರಿಸಿದರೆ ಯಾವುದಾದರೂ ಸ್ವರಚಿಹ್ನೆಯ ಭ್ರಮೆ ಹುಟ್ಟುತ್ತದೆಯೇ ಎಂದು ಅವರು ಆ ಒಂದು ಪದದೊಳಗೇ ನಿರ್ಧರಿಸಬಲ್ಲರು. ನಿಮ್ಮ ಊರಿನಲ್ಲಿ ಇನ್ನೂ ಕುಂಚ ಹಿಡಿದು ಬೋರ್ಡ್ ಬರೆಯುವವರಿದ್ದರೆ ಮೊದಲು ಅವರ ಬಳಿಗೆ ಹೋಗಿ. ಬಾಲೂ ತಮ್ಮನ ಒಂದು ಮುದ್ರಿತ ಹಾಳೆಯನ್ನು ಮಾದರಿಗಾಗಿ ಒಯ್ಯಿರಿ, ಹಾಗೆಯೇ ಬರೆಯಬೇಕೆಂದು ಮಾತ್ರ ಒತ್ತಾಯಿಸಬೇಡಿ.

ಕೈಬರಹವಾಗಲಿ ಫಾಂಟಾಗಲಿ, ಫಲಕ ಮಾಡಿಸುವ ಮೊದಲು ಅದೇ ಅಳತೆಯಲ್ಲಿ ಕಾಗದದ ಮೇಲೆ ಒಂದು ಪ್ರತಿ ತೆಗೆಸಿ ಬಾಗಿಲ ಮೇಲೆ ಅಂಟಿಸಿ. ಸಂಜೆಯ ಬೆಳಕಿನಲ್ಲಿ, ಗ್ರಂಥಾಲಯದ ಹೆಸರನ್ನೋ ಅದರ ಉದ್ದೇಶವನ್ನೋ ತಿಳಿಯದ ಒಂದೆರಡು ಮಕ್ಕಳನ್ನು ರಸ್ತೆಯ ಆಚೆ ನಿಲ್ಲಿಸಿ ಗಟ್ಟಿಯಾಗಿ ಓದಲು ಹೇಳಿ, ನೀವು ಸುಮ್ಮನೆ ಕೇಳಿಸಿಕೊಳ್ಳಿ. ‘ಥಾ’ ಬಂದಾಗ ಅವರ ದನಿ ತಡವರಿಸಿದರೆ ಡಿಟಿಪಿಯವರಿಂದ ಅಕ್ಷರವನ್ನು ಕರ್ವ್ ಮಾಡಿಸಿ (ಅಂದರೆ ತಿದ್ದಬಹುದಾದ ಗೆರೆಗಳ ಚಿತ್ರವಾಗಿ ಬದಲಿಸಿ), ಹೊಟ್ಟೆಯನ್ನು ತುಸು ಹಿಗ್ಗಿಸಿ, ಚುಕ್ಕೆಯನ್ನು ನಡುವಿಗೆ ತರಿಸಿ, ಇನ್ನೊಂದು ಪ್ರತಿ ತೆಗೆಸಿ.